ಬಿಡಿಬಿಡಿಯಾಗಿ ಎಲ್ಲವೂ ಪಾಸ್

ಕೋಲಾರದ ಕಡೆ ನಮ್ಮ ಭಾವನ ಟೊಮೆಟೊ ತೋಟ ಇದೆ. ಔಷಧಿ ಹೊಡೆಯುವ ದಿನ ಅವರು ಎರಡು ಔಷಧಿಯನ್ನು ನೇರವಾಗಿ ಡ್ರಮ್ಮಿಗೆ ಸುರಿಯುವುದಿಲ್ಲ. ಮೊದಲು ಹಳೇ ಗಾಜಿನ ಬಾಟ್ಲಿಯಲ್ಲಿ ಚೂರು ಚೂರು ಬೆರೆಸಿ, ಚೆನ್ನಾಗಿ ಅಲ್ಲಾಡಿಸಿ, ಪಂಪ್ ಮನೆ ಕಟ್ಟೆ ಮೇಲಿಟ್ಟು ಕಾಯುತ್ತಾರೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿದಾಗ ಒಡೆದ ಹಾಲಿನಂತೆ ಗಸಿ ಕಟ್ಟಿದ್ದರೆ ಆ ಜೋಡಿ ಬೇಡ. "ಬೇರೆ ಬೇರೆ ಇದ್ದಾಗ ಎರಡೂ ಸಾಚಾ. ಸೇರಿದ್ರೆ ಎಲೆ ಸುಟ್ಟು ಹಾಕ್ತವೆ" ಅನ್ನುತ್ತಾರೆ.

ಅದೇ ತೋಟದ ಬೋರ್‌ವೆಲ್ ನೀರನ್ನೇ ಮನೆಯವರು ಕುಡಿಯುವುದು. ಹೋದ ತಿಂಗಳು ಒಂದು ಕ್ಯಾನು ತುಂಬಿಸಿ ಲ್ಯಾಬಿಗೆ ಕೊಟ್ಟೆವು. ರಿಪೋರ್ಟ್ ಬಂತು. ಲೀಟರಿಗೆ ನೈಟ್ರೇಟ್ 41 ಮಿಲಿಗ್ರಾಂ, ಮಿತಿ 45. ಫ್ಲೋರೈಡ್ 0.9, ಮಿತಿ 1. ಕೀಟನಾಶಕಗಳಿಗಂತೂ ಅಂಕಿಯೇ ಇಲ್ಲ. ಪ್ರತಿ ಹೆಸರಿನ ಮುಂದೆ "ಮಿತಿಯೊಳಗಿದೆ", ಅಷ್ಟೇ. "ಇವೆಲ್ಲ ಒಟ್ಟಿಗೆ ಸೇರಿದರೆ?" ಎಂದು ಕೇಳಿದೆ. "ಅಂಥ ಕಾಲಮ್ ಇಲ್ಲ ಸರ್" ಎಂದ ಕೌಂಟರಿನ ಹುಡುಗ. ಅವನದೇನೂ ತಪ್ಪಿಲ್ಲ. ಕಾಲಮ್ ನಿಜವಾಗಿಯೂ ಇಲ್ಲ.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ 2012ರ ಪಟ್ಟಿಯಲ್ಲಿ ಲೀಟರಿಗೆ ಕ್ಲೋರ್‌ಪೈರಿಫಾಸ್ 30 ಮೈಕ್ರೋಗ್ರಾಂ, ಮೆಲಾಥಿಯಾನ್ 190, ಮೊನೊಕ್ರೋಟೊಫಾಸ್ 1 ದಾಟಬಾರದು. ಮೂರೂ ಒಂದೇ ಮನೆತನದ ಕೀಟನಾಶಕಗಳು. ಮೂರೂ ನಮ್ಮ ನರಗಳಲ್ಲಿ ಕೆಲಸ ಮಾಡುವ ಒಂದೇ ಕಿಣ್ವವನ್ನು ಹಿಡಿದು ಕೂರುತ್ತವೆ. ಈಗ ನೀರಿನಲ್ಲಿ ಮೂರೂ ತಮ್ಮ ತಮ್ಮ ಮಿತಿಯ ಅರ್ಧದಷ್ಟು ಇವೆ ಅಂದುಕೊಳ್ಳಿ. ಮೂರೂ ಪಾಸ್. ಆ ಕಿಣ್ವದ ಮೇಲೆ ಬೀಳುವ ಒಟ್ಟು ಹೊರೆ ಮಾತ್ರ ಮಿತಿಯ ಒಂದೂವರೆ ಪಟ್ಟು! ಮದುವೆ ಮನೆಯಲ್ಲಿ ಶುಗರ್ ಇರುವವರಿಗೆ "ಒಂದೇ ಒಂದು ಹೋಳಿಗೆ, ಏನಾಗಲ್ಲ" ಅಂತ ಪ್ರತಿಯೊಬ್ಬ ನೆಂಟರೂ ಬಡಿಸುತ್ತಾರಲ್ವಾ, ಹಾಗೆ.

ಇದು ಬರೀ ಕೂಡುವ ಲೆಕ್ಕವಾದರೆ ಪರವಾಗಿಲ್ಲ. ಕೆಲವು ಸಲ ಒಂದು ರಾಸಾಯನಿಕ ಇನ್ನೊಂದಕ್ಕೆ ಬಾಗಿಲು ತೆಗೆದುಕೊಡುತ್ತದೆ. 1976ರಲ್ಲಿ ಪಾಕಿಸ್ತಾನದಲ್ಲಿ ಮಲೇರಿಯಾ ತಡೆಯಲು ಮೆಲಾಥಿಯಾನ್ ಸಿಂಪಡಿಸುತ್ತಿದ್ದ ಸುಮಾರು 7,500 ಕೆಲಸಗಾರರಲ್ಲಿ 2,800ರಷ್ಟು ಜನಕ್ಕೆ ವಿಷವೇರಿತು, ಐವರು ಸತ್ತರು. ಮೆಲಾಥಿಯಾನ್ ಅಷ್ಟೇನೂ ಉಗ್ರವಲ್ಲ, ನಮ್ಮ ದೇಹ ಅದನ್ನು ಬೇಗ ಒಡೆದು ಹಾಕುತ್ತದೆ. ಆದರೆ ಆ ಡಬ್ಬಿಗಳಲ್ಲಿ ಐಸೋಮೆಲಾಥಿಯಾನ್ ಎಂಬ ಕಲ್ಮಶ ಸೇರಿಕೊಂಡಿತ್ತು. ಒಡೆದು ಹಾಕುವ ಆ ಶಕ್ತಿಯನ್ನೇ ಅದು ಕಟ್ಟಿಹಾಕಿತು.

2002ರಲ್ಲಿ ಲಂಡನ್ನಿನ ವಿಜ್ಞಾನಿಗಳು ಈಸ್ಟ್ರೊಜೆನ್ ಹಾರ್ಮೋನಿನಂತೆ ವರ್ತಿಸುವ ಎಂಟು ರಾಸಾಯನಿಕಗಳನ್ನು ತೆಗೆದುಕೊಂಡರು. ಪ್ರತಿಯೊಂದೂ ಒಂಟಿಯಾಗಿದ್ದಾಗ ಪರಿಣಾಮ ಕಾಣದಷ್ಟು ಕಡಿಮೆ. ಎಂಟನ್ನೂ ಬೆರೆಸಿದಾಗ ಪರಿಣಾಮ ಎದ್ದು ಕಂಡಿತು. ಭಾವನ ಗಾಜಿನ ಬಾಟ್ಲಿಯ ಪರೀಕ್ಷೆಯೇ ಇದು, ಸ್ವಲ್ಪ ದುಬಾರಿ ಅಷ್ಟೇ.

ಲಕ್ಷಾಂತರ ಜೋಡಿಗಳನ್ನು ಪರೀಕ್ಷಿಸಲು ಯಾರಿಂದ ಆಗುತ್ತೆ ಅನ್ನುವವರಿದ್ದಾರೆ. ಯಾರೂ ಅಷ್ಟು ಕೇಳುತ್ತಿಲ್ಲ ಸ್ವಾಮಿ. ನೈಟ್ರೇಟ್ ಮತ್ತು ನೈಟ್ರೈಟ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಸರಳ ಲೆಕ್ಕ ಇಟ್ಟಿದೆ. ಎರಡನ್ನೂ ಅವುಗಳ ಮಿತಿಯಿಂದ ಭಾಗಿಸಿ, ಬಂದದ್ದನ್ನು ಕೂಡಿಸಿ. ಮೊತ್ತ ಒಂದನ್ನು ದಾಟಬಾರದು. ಹೈಸ್ಕೂಲ್ ಲೆಕ್ಕ. (ನನ್ನ ರಿಪೋರ್ಟಿನ ನೈಟ್ರೇಟ್, ಫ್ಲೋರೈಡ್ ಹೀಗೆ ಕೂಡಿಸಲು ಬರುವುದಿಲ್ಲ. ಒಂದು ರಕ್ತಕ್ಕೆ ಹೋಗುತ್ತದೆ, ಇನ್ನೊಂದು ಹಲ್ಲು ಮೂಳೆಗೆ. ಒಂದೇ ಕಡೆ ಏಟು ಹಾಕುವಂಥವುಗಳನ್ನಾದರೂ ಕೂಡಿಸಬಹುದಲ್ಲ?)

ನಮ್ಮವರಿಗೆ ಇದು ಗೊತ್ತಿಲ್ಲ ಅಂತಲೂ ಅಲ್ಲ. 2003ರಲ್ಲಿ ಬಾಟ್ಲಿ ನೀರಿನಲ್ಲಿ ಕೀಟನಾಶಕ ಸಿಕ್ಕಿ ದೇಶವೆಲ್ಲ ಗಲಾಟೆಯಾಯಿತು. ಆಮೇಲೆ ಬಾಟ್ಲಿ ನೀರಿನ ನಿಯಮ ಬದಲಾಯಿತು. ಯಾವುದೇ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ, ಎಲ್ಲ ಸೇರಿ 0.5. ಅಂದರೆ ದುಡ್ಡು ಕೊಟ್ಟು ಕೊಳ್ಳುವ ಬಾಟ್ಲಿಗೆ ಒಟ್ಟು ಲೆಕ್ಕ ಉಂಟು. ಊರಿನ ಕೊಳಾಯಿಗೆ, ಬೋರ್‌ವೆಲ್ಲಿಗೆ ಬಿಡಿ ಲೆಕ್ಕವೇ ಗತಿ. ನನಗೆ ಸಿಟ್ಟು ಬರುವುದು ಇಲ್ಲೇ.

ಮಳೆ ಬಿದ್ದ ಮೇಲೆ ಮತ್ತೆ ನೀರು ಕೊಡುತ್ತೇವೆ. ಈ ಸಲ "ಮಿತಿಯೊಳಗಿದೆ" ಬೇಡ, ಸಿಕ್ಕಿದ ಅಂಕಿಗಳನ್ನೇ ಬರೆದುಕೊಡಿ ಅಂತ ಮೊದಲೇ ಹೇಳಿದ್ದೇನೆ. ಭಾಗಾಕಾರ ನಾನೇ ಮಾಡಿಕೊಳ್ಳುತ್ತೇನೆ.