ಮೈಮುರಿದು ಒಂದು ಆಕಳಿಕೆ

ಸೊಂಟನೋವಿಗೆ ಡಾಕ್ಟರು ದಿನಾ ಹತ್ತು ನಿಮಿಷ ಸ್ಟ್ರೆಚಿಂಗ್ ಮಾಡಿ ಅಂದಿದ್ದರು. ವಿಡಿಯೊ ಹುಡುಕುತ್ತಾ ಹೋದಾಗ ಟರ್ಕಿಯ ಹೆಂಗಸೊಬ್ಬರ ವ್ಯಾಯಾಮದ ಪಾಠ ಸಿಕ್ಕಿತು. ಭಾಷೆ ಬರದಿದ್ದರೇನು, ಕೈಕಾಲು ನೋಡಿಕೊಂಡು ಮಾಡಬಹುದಲ್ವಾ? ಮೂರು ದಿನ ಮಾಡಿದೆ. ನಾಲ್ಕನೇ ದಿನ, ಪರದೆ ಮೇಲೆ ಬರುವ ‘ಎಸ್ನೆಮೆ’ ಅಂದ್ರೆ ಏನಪ್ಪಾ ಅಂತ ಸುಮ್ನೆ ನಿಘಂಟು ನೋಡಿದರೆ, ಮೊದಲ ಅರ್ಥವೇ ಆಕಳಿಕೆ! ಚಾಪೆ ಹಾಸಿಕೊಂಡು, ಬಾಗಿಲು ಹಾಕಿಕೊಂಡು, ಬೆವರು ಸುರಿಸಿಕೊಂಡು ನಾನು ಇಷ್ಟು ದಿನ ಮಾಡಿದ್ದು ಆಕಳಿಕೆಯ ಕಸರತ್ತು.

ಅದರ ಕೆಳಗೇ ಇನ್ನೊಂದು ಅರ್ಥ ಇತ್ತು. ಬಾಗುವುದು, ಹಿಗ್ಗುವುದು, ಭಾರಕ್ಕೆ ಬಳುಕುವುದು. ಪುಸ್ತಕ ಜಾಸ್ತಿ ಪೇರಿಸಿದರೆ ಕಪಾಟಿನ ಹಲಗೆ ನಡುವಿನಲ್ಲಿ ಜಗ್ಗುತ್ತಲ್ಲ, ಟರ್ಕಿಯವರ ಮಾತಿನಲ್ಲಿ ಆ ಹಲಗೆ ಆಕಳಿಸುತ್ತದೆ. ಎಳೆದರೆ ಹಿಗ್ಗುವ ಬಟ್ಟೆಯೂ ಆಕಳಿಸುತ್ತದೆ. ಇದೇ ಮಾತಿನಿಂದ ಬಂದ ‘ಎಸ್ನೆಕ್’ ಅಂದರೆ ಬಗ್ಗಿಸಿದಂತೆ ಬಗ್ಗುವಂಥದ್ದು. ಆಫೀಸಿಗೆ ಬರುವ ಹೋಗುವ ಹೊತ್ತು ನಿಮ್ಮಿಷ್ಟ ಅಂತಾರಲ್ಲ, ಅದು ಎಸ್ನೆಕ್. ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತೆ ಅಂತ ಅರ್ಥಶಾಸ್ತ್ರದವರು ಅಳೆಯುವುದು ‘ಎಸ್ನೆಕ್ಲಿಕ್’. ನಿಯಮ ಸಡಿಲ ಮಾಡುವುದು ‘ಎಸ್ನೆತ್‌ಮೆಕ್’, ಅಂದರೆ ನಿಯಮಕ್ಕೇ ಆಕಳಿಕೆ ತರಿಸುವುದು! ನಮ್ಮ ಕಡೆ ಕೌಂಟರಿನ ಆಚೆ ಕೂತವರು ಎಷ್ಟೇ ಆಕಳಿಸಿದರೂ ನಿಯಮ ಒಂದಿಂಚೂ ಸಡಿಲ ಆಗಲ್ಲ, ಅದು ಬೇರೆ ವಿಷಯ.

ಇಂಗ್ಲಿಷಿನವರಿಗೆ ಆಕಳಿಕೆ ಕಂಡರೆ ಅಷ್ಟು ಪ್ರೀತಿ ಇಲ್ಲ. ಅವರ ‘ಯಾನ್’ ಮೊದಲಿಂದಲೂ ದೊಡ್ಡದಾಗಿ ಬಾಯಿ ತೆರೆಯುವ ಮಾತು, ಆ ಬಾಯೊಳಗೆ ಏನಿದೆ ಅಂದರೆ ಏನೂ ಇಲ್ಲ. ಪ್ರಪಾತ ಆಕಳಿಸುತ್ತದೆ. ಬಡವ ಶ್ರೀಮಂತರ ನಡುವಿನ ಅಂತರ ಆಕಳಿಸುತ್ತದೆ. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ನಡುರಾತ್ರಿಯನ್ನು ಸ್ಮಶಾನಗಳು ಆಕಳಿಸುವ ಹೊತ್ತು ಅನ್ನುತ್ತಾನೆ. ನಮ್ಮಲ್ಲೂ ಭೂಮಿ ಬಾಯಿಬಿಡುತ್ತೆ, ಆದರೆ ಅದಕ್ಕೆ ನಿದ್ದೆ ಬಂದಿದೆ ಅಂತ ನಾವು ಅನ್ನಲ್ಲ. ಸಿನಿಮಾ ಚೆನ್ನಾಗಿಲ್ಲದಿದ್ದರೆ ಇಂಗ್ಲಿಷಿನಲ್ಲಿ ಅದೇ ಒಂದು ಆಕಳಿಕೆ. ನೀವು ಅರ್ಧ ಗಂಟೆ ಕೂತು ಬರೆದ ಮೆಸೇಜಿಗೆ ಯಾರಾದರೂ ‘ಯಾನ್’ ಅಂತ ಒಂದೇ ಪದದ ಉತ್ತರ ಕಳಿಸಿದರೆ ಮುಗೀತು, ಮತ್ತೆ ಮಾತಾಡೋ ಹಾಗೇ ಇಲ್ಲ. ಆಸ್ಟ್ರೇಲಿಯಾದವರಂತೂ ವಾಂತಿಗೆ ‘ಟೆಕ್ನಿಕಲರ್ ಯಾನ್’ ಅನ್ನುತ್ತಾರೆ. ಬಣ್ಣಬಣ್ಣದ ಆಕಳಿಕೆ! ಈ ಪದದ ಬುಡಕ್ಕೆ ಇಳಿದರೆ ಅದೇ ಬೇರಿನಿಂದ ಚಿಗುರಿದ ಗ್ರೀಕರ ‘ಖಾವೊಸ್’ ಸಿಗುತ್ತದೆ. ಎಲ್ಲ ಹುಟ್ಟುವ ಮೊದಲಿದ್ದ ಆ ಬಾಯ್ತೆರೆದ ಶೂನ್ಯವೇ ಈಗ ಇಳಿದು ಇಳಿದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ‘ಕೇಯಾಸ್’ ಆಗಿದೆ. ಎಂಡೋಸ್ಕೋಪಿ ರಿಪೋರ್ಟಿನಲ್ಲಿ ಬರುವ ಹಯಾಟಸ್ ಹರ್ನಿಯಾದ ‘ಹಯಾಟಸ್’, ಅಂದರೆ ಬಾಯ್ತೆರೆದ ಸಂದು, ಕೂಡ ಇದೇ ವಂಶದ್ದು, ಲ್ಯಾಟಿನ್ ಕಡೆಯ ನೆಂಟ.

ನನಗೆ ಟರ್ಕಿಯವರ ಲೆಕ್ಕವೇ ಸರಿ ಅನ್ನಿಸುತ್ತದೆ. ಬೆಕ್ಕನ್ನು ನೋಡಿ. ಎದ್ದ ತಕ್ಷಣ ಮುಂಗಾಲು ಮುಂದಕ್ಕೆ ಚಾಚಿ, ಬೆನ್ನು ಇಳಿಸಿ, ಬಾಲ ಎತ್ತಿ, ನಾಲಿಗೆ ಸುರುಳಿ ಆಗುವಷ್ಟು ಬಾಯಿ ತೆಗೆಯುತ್ತದೆ. ಅಲ್ಲಿ ಮೈಮುರಿಯುವುದು ಎಲ್ಲಿ ಮುಗಿಯಿತು, ಆಕಳಿಕೆ ಎಲ್ಲಿ ಶುರುವಾಯಿತು ಹೇಳಿ ನೋಡೋಣ. ಒಂದೇ ಕ್ರಿಯಾಪದ ಸಾಕು. ಹಾಗಂತ ಟರ್ಕಿಯಲ್ಲಿ ಎಲ್ಲರ ಎದುರು ಆರಾಮಾಗಿ ಆಕಳಿಸಬಹುದು ಅಂದುಕೊಳ್ಳಬೇಡಿ. ಸೀನು ದೇವರಿಗೆ ಇಷ್ಟ, ಆಕಳಿಕೆ ಸೈತಾನನ ಕಡೆಯದು ಅಂತ ಪ್ರವಾದಿ ಮಹಮ್ಮದರ ಮಾತುಗಳ ಸಂಗ್ರಹವಾದ ಹದೀಸಿನಲ್ಲಿದೆ, ಬಾಯಿಗೆ ಕೈ ಅಡ್ಡ ಇಡಲೇಬೇಕು.

ಇನ್ನು ನಮ್ಮದು. ‘ಆಕಳಿಕೆ’ ಪಾಪದ ಪದ, ತನ್ನ ಕೆಲಸ ತಾನು ಮಾಡಿಕೊಂಡಿರುತ್ತದೆ. ಸಂಸ್ಕೃತದ ‘ಜೃಂಭಣ’ದ ಕಥೆಯೇ ಬೇರೆ. ಅದಕ್ಕೆ ಆಕಳಿಸುವುದೂ ಅರ್ಥ, ಅರಳುವುದು, ಹರಡಿಕೊಳ್ಳುವುದೂ ಅರ್ಥ. ಭಾಗವತದಲ್ಲಿ ಬಾಣಾಸುರನ ಕಾಳಗದಲ್ಲಿ ಕೃಷ್ಣ ಜೃಂಭಣಾಸ್ತ್ರ ಬಿಟ್ಟಾಗ ಶಿವನಿಗೇ ಆಕಳಿಕೆ ಹತ್ತಿಬಿಡುತ್ತದೆ. ಆಯುರ್ವೇದದ ಚರಕ ಸಂಹಿತೆಯಲ್ಲಿ ತಡೆಹಿಡಿಯಬಾರದ 13 ವೇಗಗಳ, ಅಂದರೆ ಮೈಯ ಸಹಜ ಒತ್ತಡಗಳ ಪಟ್ಟಿ ಇದೆ, ಹಸಿವು, ನಿದ್ದೆ, ಕಣ್ಣೀರಿನ ಜೊತೆ ಜೃಂಭೆಗೂ ಅಲ್ಲಿ ಜಾಗ ಇದೆ. ಮೀಟಿಂಗಿನಲ್ಲಿ ದವಡೆ ಬಿಗಿಹಿಡಿದು, ಮೂಗಿನ ಹೊಳ್ಳೆ ಅರಳಿಸಿ, ಕಣ್ಣಲ್ಲಿ ನೀರು ತಂದುಕೊಂಡು ಆಕಳಿಕೆ ನುಂಗುವ ನಾವೆಲ್ಲ ಚರಕನ ಪ್ರಕಾರ ತಪ್ಪಿತಸ್ಥರು. ಅದೇ ಜೃಂಭಣಕ್ಕೆ ‘ವಿ’ ಸೇರಿಸಿದರೆ ‘ವಿಜೃಂಭಣೆ’. ಬ್ರಹ್ಮರಥೋತ್ಸವವು ಅತ್ಯಂತ ವಿಜೃಂಭಣೆಯಿಂದ ಜರುಗಲಿದೆ ಅಂತ ಆಹ್ವಾನ ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತೇವಲ್ಲ, ಅದೇ. ಅತಿಥಿಗಳು ಮೂರು ಗಂಟೆ ಭಾಷಣ ಮಾಡುವ ಸಭೆಯಲ್ಲಿ ವೇದಿಕೆ ಮೇಲೂ ವಿಜೃಂಭಣೆ, ಕೆಳಗೂ ವಿಜೃಂಭಣೆ.

ಇವತ್ತು ಬೆಳಿಗ್ಗೆ ಚಾಪೆ ಮೇಲೆ ಕೂತು ಎರಡೂ ಕೈ ಮೇಲೆತ್ತಿ ಎಡಕ್ಕೆ ವಾಲಿದ್ದೆ. ಟರ್ಕಿಯ ಟೀಚರು ಅದೇನೋ ಎಣಿಸುತ್ತಿದ್ದರು. ಆಗ ಬಂತು ನೋಡಿ, ಕಿವಿ ಒಳಗೆ ಲಟಕ್ ಅನ್ನುವಂಥ ಆಕಳಿಕೆ. ಎರಡೂ ಕೈ ಮೇಲಿದ್ದಾವೆ, ಬಾಯಿಗೆ ಅಡ್ಡ ಇಡುವುದು ಹೇಗೆ? ಅಡುಗೆಮನೆ ಬಾಗಿಲಲ್ಲಿದ್ದ ಅಮ್ಮ ಸೌಟನ್ನು ಎಡಗೈಗೆ ದಾಟಿಸಿ, ನನ್ನ ಪರವಾಗಿ ಚಟ್ ಚಟ್ ಅಂತ ಚಿಟಿಕೆ ಹಾಕಿ, “ಕೃಷ್ಣಾ... ರಾತ್ರಿ ಎಷ್ಟೊತ್ತಿಗೋ ಮಲಗಿದ್ದು?” ಅಂದರು.

“ನಿದ್ದೆ ಅಲ್ಲಮ್ಮ, ವ್ಯಾಯಾಮ ಮಾಡ್ತಿದೀನಿ” ಅಂದೆ. ಟರ್ಕಿಶ್‌ನಲ್ಲಿ ಅದು ನಿಜ.