ಬೆಳ್ಳುಳ್ಳಿ ಕಪ್ಪಾಗದಿದ್ದರೆ ಅಣಬೆ ತಿನ್ನಬಹುದಾ?

ಮಳೆ ಶುರುವಾದರೆ ಸಾಕು, ನಮ್ಮ ಮೂಡಿಗೆರೆ ಕಡೆ ಮೊಬೈಲ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತದೆ: ಅಣಬೆ ಬೇಯುವಾಗ ಬೆಳ್ಳುಳ್ಳಿಯನ್ನೋ ಬೆಳ್ಳಿ ಚಮಚವನ್ನೋ ಹಾಕಿ, ಕಪ್ಪಾಗದಿದ್ದರೆ ಧೈರ್ಯವಾಗಿ ತಿನ್ನಿ.

ಇದು ಸುಳ್ಳು. ಅಣಬೆಯ ವಿಷಕ್ಕೂ ಆ ಬಣ್ಣಕ್ಕೂ ಸಂಬಂಧವಿಲ್ಲ. ಜೀವ ತೆಗೆಯುವ ಅಮಾಟಾಕ್ಸಿನ್ ಎಂಬ ವಿಷ ಎಷ್ಟು ಕುದಿಸಿದರೂ ಹೋಗಲ್ಲ. ವಾಂತಿ ಶುರುವಾಗಲು ಸಾಮಾನ್ಯವಾಗಿ 6 ಗಂಟೆಗಿಂತ ಜಾಸ್ತಿ ಹಿಡಿಯುತ್ತದೆ. ಆಮೇಲೆ ಒಂದೆರಡು ದಿನ ಹುಷಾರಾದಂತೆ ಕಾಣುತ್ತದೆ, ಒಳಗೆ ಲಿವರ್ ಹಾಳಾಗುತ್ತಿರುತ್ತದೆ. ನನಗೆ ಭಯ ಆಗುವುದು ಇದಕ್ಕೇ.

ಹುಳ ತಿಂದ ಅಣಬೆ ನಾವೂ ತಿನ್ನಬಹುದು ಅನ್ನುವುದೂ ತಪ್ಪು. ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ.

ಹಿಮಾಚಲ, ಕಾಶ್ಮೀರದಿಂದ ಬರುವ ಒಣ ಗುಚ್ಛಿ ಅಣಬೆಯ ವಿಷಯ ಇನ್ನೊಂದು ಥರ. ಅದು ತಿನ್ನುವ ಅಣಬೆಯೇ, ಆದರೆ ಬೇಯಿಸದೆ ತಿನ್ನಬಾರದು. 2023ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಇದೇ ಬಗೆಯ ಅಣಬೆಯನ್ನು ಹಸಿಯಾಗಿ ಅಥವಾ ಅರೆಬೆಂದಂತೆ ತಿಂದು 51 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಉದ್ದಕ್ಕೆ ಸೀಳಿ. ಒಳಗೆ ಪೊಳ್ಳು, ಹೊರಗೆ ಜೇನುಗೂಡಿನಂಥ ಗುಳಿಗಳು; ಅವುಗಳಲ್ಲಿ ಮರಳು, ಸತ್ತ ಹುಳ ಕೂತಿರುತ್ತವೆ. ಎರಡು ಮೂರು ನೀರಲ್ಲಿ ತೊಳೆದು ಚೆನ್ನಾಗಿ ಬೇಯಿಸಿ.

ನಮ್ಮ ಹುತ್ತದ ಅಣಬೆಯಾದರೆ ಬುಡದ ಮಣ್ಣನ್ನು ಚಾಕುವಿನಿಂದ ಹೆರೆದು ತೊಳೆದರಾಯಿತು. ಆದರೆ ಗುರುತು ಹಿಡಿಯಬಲ್ಲ ಹಿರಿಯರು ಜೊತೆಗಿರಲಿ. ಅವರಿಗೂ ಅನುಮಾನ ಬಂದರೆ ಅಲ್ಲೇ ಬಿಟ್ಟು ಬನ್ನಿ. ಅಣಬೆ ತಿಂದವರಿಗೆ ವಾಂತಿ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ನೇರ ಆಸ್ಪತ್ರೆಗೆ ಹೋಗಿ.