ಕಾವಿ ಎಂದರೆ ಕಿತ್ತಳೆಯಲ್ಲ

ಕರಾವಳಿಯ ನಮ್ಮೂರ ದೇವಸ್ಥಾನದ ಗೋಡೆ ಈಗ ಫಳಫಳ ಹೊಳೆಯುತ್ತಿದೆ. ಕಿತ್ತಳೆ ಬಣ್ಣದ ಆಯಿಲ್ ಪೇಂಟ್. ಚಿಕ್ಕಂದಿನಲ್ಲಿ ನಾನು ಬೆರಳಾಡಿಸುತ್ತಿದ್ದ ಬಳ್ಳಿ, ಹಂಸಗಳೆಲ್ಲ ಅದರಡಿ ಮುಚ್ಚಿಹೋಗಿವೆ. ಕೇಳಿದರೆ, "ಕಾವಿಯನ್ನೇ ಬಳಿಸಿದ್ದೇವಲ್ಲ ಮಾರಾಯರೇ" ಎಂದರು.

ಕಾವಿ ಎಂದರೆ ಮಣ್ಣು ಸ್ವಾಮಿ! ಸನ್ಯಾಸಿಗಳ ಬಟ್ಟೆಗೆ ಆ ಹೆಸರು ಬಂದದ್ದೇ ಆ ಕೆಮ್ಮಣ್ಣಿನಲ್ಲಿ ಅದ್ದುತ್ತಿದ್ದುದರಿಂದ. ಉತ್ತರ ಕನ್ನಡ, ಉಡುಪಿ, ಗೋವಾಗಳ ಕಾವಿ ಕಲೆಯಲ್ಲಿ ಸುಣ್ಣದ ಗಾರೆಯ ಮೇಲೆ ಈ ಮಣ್ಣು ಬೆರೆಸಿದ ತೆಳು ಪದರ ಬಳಿಯುತ್ತಿದ್ದರು. ಹಸಿ ಆರುವ ಮೊದಲೇ ಚೂಪು ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಚಿತ್ರವಾಗಿ ಮೇಲೆದ್ದು ಬರುತ್ತಿತ್ತು.

ಕೆಂಪಿಗೆ ಕಾರಣ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಅದೇ ಕಬ್ಬಿಣ ನೀರಿನಂಶ ಹಿಡಿದಿಟ್ಟುಕೊಂಡರೆ ಗೋಥೈಟ್, ಬಣ್ಣ ಹಳದಿ. ಮ್ಯಾಂಗನೀಸ್ ಸೇರಿದರೆ ಕಂದು. ಆ ನೀರಿನಂಶ ಹಾರಿಹೋದರೆ ಹಳದಿ ಕೆಂಪಾಗುವುದೇ ಪರೀಕ್ಷಿಸೋಣವೆಂದು ಒಂದು ಹಿಡಿ ಹಳದಿ ಮಣ್ಣನ್ನು ಹಳೆಯ ಕಾವಲಿಯಲ್ಲಿ ದೊಡ್ಡ ಉರಿಯಲ್ಲಿ ಹುರಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಳದಲ್ಲಿದ್ದ ಮಣ್ಣು ಕಂದಿತು, ಕೆದಕುತ್ತ ಹೋದಂತೆ ಇಡೀ ಹಿಡಿ ಇಟ್ಟಿಗೆಗೆಂಪಾಯಿತು. ಮನೆಯಾಕೆ ಆ ಕಾವಲಿಯನ್ನು ಇನ್ನೂ ಒಳಗೆ ಸೇರಿಸಿಲ್ಲ.

ಈ ಕೆಂಪು ಬಿಸಿಲಿಗೆ ಮಾಸುವುದಿಲ್ಲ. ಕಬ್ಬಿಣ ಆಗಲೇ ತುಕ್ಕಾಗಿದೆ, ಇನ್ನು ಕೆಡುವುದಕ್ಕೆ ಏನಿದೆ? ದಕ್ಷಿಣ ಆಫ್ರಿಕಾದ ಬ್ಲೋಂಬೋಸ್ ಗುಹೆಯಲ್ಲಿ ಸುಮಾರು 1,00,000 ವರ್ಷಗಳ ಹಿಂದೆ ಕಡಲಚಿಪ್ಪಿನಲ್ಲಿ ಕಲಸಿಟ್ಟ ಕೆಮ್ಮಣ್ಣು ಈಗಲೂ ಕೆಂಪಾಗಿಯೇ ಸಿಕ್ಕಿದೆ. ಅಂಗಡಿಯ ರೆಡ್ ಆಕ್ಸೈಡ್ ಪುಡಿಯೂ ಅದೇ ಸಂಯುಕ್ತ, ನಾನು ಅದರ ಶತ್ರುವಲ್ಲ. ಆದರೆ ಕಾರ್ಖಾನೆಯ ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ನೆಲದಿಂದ ಅಗೆದದ್ದರಲ್ಲಿ ಜೇಡಿ, ಮರಳು, ಸಣ್ಣದು ದಪ್ಪದ್ದು ಎಲ್ಲ ಇರುತ್ತದೆ. ಬೆಳಗಿನ ಬಿಸಿಲಿಗೆ ಒಂದು ಕೆಂಪು, ಮಳೆಯಲ್ಲಿ ನೆನೆದಾಗ ಇನ್ನೊಂದು. ಡಬ್ಬಿಯ ಕಿತ್ತಳೆಗೆ ಹೊತ್ತುಗೊತ್ತಿನ ಪರಿವೆಯೇ ಇಲ್ಲ.

ಸುಣ್ಣದ ಗೋಡೆ ಉಸಿರಾಡುತ್ತದೆ, ಹೀರಿದ ನೀರನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಎಣ್ಣೆಬಣ್ಣದ ಪೊರೆ ಹೊದಿಸಿದರೆ ತೇವ ಎಲ್ಲಿಗೆ ಹೋಗಬೇಕು? ಒಂದೇ ಮಳೆಗಾಲಕ್ಕೆ ಪೇಂಟು ಹಪ್ಪಳದಂತೆ ಉಬ್ಬಿದೆ. ಉದುರಿದ ಒಂದು ಚೂರನ್ನು ಎತ್ತಿ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಹಳೆಯ ಕಾವಿ ಅಂಟಿಕೊಂಡು ಬಂದಿತ್ತು, ಹಂಸದ ಕೊರಳಿನ ಬಿಳಿ ಗೆರೆಯ ಸಮೇತ.